ಹೂಂ ಅನ್ನದೆ ಹಾರಿದ್ದು

ನಮ್ಮ ಕಡೆ ದೊಡ್ಡವರು ಮಾತಾಡುವಾಗ ಹೂಂಗುಡಬೇಕು. ಅರ್ಥವಾಗದಿದ್ದರೂ ಸರಿ. ಮಧ್ಯೆ ಬಾಯಿ ಹಾಕಿ "ಏನಂದ್ರಿ?" ಅಂದರೆ ಅದು ಎದುರುಮಾತು. ಗುಬ್ಬಿ ಊರಿನ ನಮ್ಮ ಅಜ್ಜಿ ಕಥೆ ಹೇಳುವಾಗ ನಮ್ಮ ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಹಾಗಾಗಿ ನಿದ್ದೆಗಣ್ಣಿನಲ್ಲೂ ಹೂಂ ಅನ್ನುವುದರಲ್ಲಿ ನಾನು ಪಳಗಿದ್ದೆ. ಇಂಥ ನಾನು ವಿಮಾನ ಹಾರಿಸುವುದನ್ನು ಕಲಿಯಲು ದಕ್ಷಿಣ ಆಫ್ರಿಕಾಕ್ಕೆ ಹೋದೆ.

ಎರಡೇ ಸೀಟಿನ ಪುಟ್ಟ ವಿಮಾನ. ವಿಮಾನ ನಿಲ್ದಾಣದ ಟವರಿನವರು ರೇಡಿಯೋದಲ್ಲಿ ಹೇಳಿದ ಅಪ್ಪಣೆಯನ್ನು ಪೈಲಟ್ ಹಾಗೆಯೇ ತಿರುಗಿ ಹೇಳಿ ಒಪ್ಪಿಸಬೇಕು. ಗೊತ್ತಾಗದಿದ್ದರೆ "ಸೇ ಅಗೇನ್", ಅಂದರೆ ಇನ್ನೊಮ್ಮೆ ಹೇಳಿ, ಅನ್ನಬೇಕು. ಭಾಷೆ ಇಂಗ್ಲಿಷೇ. ಆದರೆ ತುಮಕೂರಿನ ಶಾಲೆಯಲ್ಲಿ ನಾನು ಕಲಿತ ಇಂಗ್ಲಿಷಿಗೂ ಅಲ್ಲಿನ ಟವರಿನವನ ಇಂಗ್ಲಿಷಿಗೂ ಮುಖಪರಿಚಯವೇ ಇರಲಿಲ್ಲ. ಒಂದು ದಿನ ಆತ ಗಡಗಡನೆ ಏನೋ ಹೇಳಿದ. ನಾನು ವಿನಯದಿಂದ "ಯೆಸ್ ಸರ್" ಅಂದು ವಿಮಾನವನ್ನು ರನ್‌ವೇ ಕಡೆಗೆ ನಡೆಸಿದೆ. ಪಕ್ಕದಲ್ಲಿದ್ದ, ಹಾರಾಟ ಕಲಿಸುವ ನಮ್ಮ ಮೇಷ್ಟ್ರು ಬ್ರೇಕ್ ತುಳಿದರು. ರನ್‌ವೇ ಹೊರಗೇ ನಿಲ್ಲು ಅಂದಿದ್ದನಂತೆ ಪುಣ್ಯಾತ್ಮ. ನಮ್ಮ ಮೂಗಿನ ಮುಂದೆಯೇ ಇನ್ನೊಂದು ವಿಮಾನ ಇಳಿಯಿತು. "ಗೊತ್ತಾಗಲಿಲ್ಲ ಅಂತ ಬಾಯಿಬಿಟ್ಟು ಹೇಳುವವರೆಗೆ ನಿನ್ನನ್ನು ಒಬ್ಬಳೇ ಹಾರಲು ಬಿಡುವುದಿಲ್ಲ" ಅಂದರು ಮೇಷ್ಟ್ರು. ಒಬ್ಬಳೇ ಹಾರದೆ ಲೈಸೆನ್ಸ್ ಇಲ್ಲ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ರಜಕ್ಕೆ ಶೆಟ್ಟಿಹಳ್ಳಿಯ ಮನೆಗೆ ಬಂದಾಗ ಅಮ್ಮನಿಗೆ ಎಲ್ಲ ಹೇಳಿಕೊಂಡೆ.

"ಗೊತ್ತಾಗ್ಲಿಲ್ಲ ಅನ್ನಕ್ಕೆ ಏನೇ ನಾಚ್ಕೆ ನಿಂಗೆ?" ಅಂದಳು.

"ನೀನೇ ಕಲ್ಸಿದ್ದು ಕಣಮ್ಮಾ!"

ಆ ಭಾನುವಾರ ಕುಣಿಗಲ್‌ನಲ್ಲಿರುವ ದೊಡ್ಡಪ್ಪನ ಮನೆಗೆ ಊಟಕ್ಕೆ ಹೋದೆವು. ದೊಡ್ಡಪ್ಪ ಅಂದರೆ ನಮ್ಮಪ್ಪನಿಗೇ ಇವತ್ತಿಗೂ ಭಯ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡೇ ಮಾತಾಡುತ್ತಾರೆ. ಅರ್ಧ ಮಾತು ಒಳಗೇ ಉಳಿಯುತ್ತದೆ. ಊಟವಾಗಿ ಹೊರಟಾಗ ಅವರು ಬಾಗಿಲಲ್ಲಿ ನಿಂತು ಏನೋ ಹೇಳಿದರು. ಅಪ್ಪ "ಹೂಂ ಅಣ್ಣಯ್ಯ" ಅಂದರು. ಅಮ್ಮ ತಲೆಯಾಡಿಸಿದಳು. ಇಬ್ಬರೂ ಕಾರು ಹತ್ತಿದರು. ನನ್ನ ಹೂಂ ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು ಕೇಳಿಯೇಬಿಟ್ಟೆ.

"ಗೊತ್ತಾಗ್ಲಿಲ್ಲ ದೊಡ್ಡಪ್ಪ. ಇನ್ನೊಂದ್ ಸಲ ಹೇಳಿ."

ಕಾರಿನೊಳಗಿಂದ ಅಪ್ಪ ಕಣ್ಣು ಬಿಟ್ಟರು. ದೊಡ್ಡಪ್ಪ ನನ್ನನ್ನು ದಿಟ್ಟಿಸಿ, ಪಕ್ಕಕ್ಕೆ ಹೋಗಿ ಉಗಿದು ಬಂದರು.

"ಹಿಂದ್ಗಡೆ ಎಡಗಡೆ ಟೈರ್ ಕೂತೋಗದೆ. ಗಾಳಿ ಹಾಕುಸ್ಕಂಡು ಹೋಗಿ ಅಂದೆ ಕಣವ್ವಾ."

ನಾನು ನೆಟ್ಟಗೆ ನಿಂತು ಒಪ್ಪಿಸಿದೆ. "ಹಿಂದಿನ ಎಡಗಡೆ ಟೈರು, ಗಾಳಿ ಹಾಕಿಸ್ಕೊಂಡು ಹೋಗ್ಬೇಕು. ಸರೀನಾ ದೊಡ್ಡಪ್ಪ?"

"ಸರೀಗ್ ಹೇಳ್ದೆ. ಈ ಮನೇಲಿ ಎಲ್ರೂ ಹೂಂ ಅಂತಾರೆ, ಒಬ್ರೂ ಕೇಳುಸ್ಕಳಲ್ಲ ಬುಡು" ಅಂದರು. ಅವರ ದನಿಯಲ್ಲಿ ಇದ್ದದ್ದು ಕೋಪವಲ್ಲ, ಬೇಸರ. ಅವರು ಇಷ್ಟು ವರ್ಷ ಹೇಳಿದ್ದರಲ್ಲಿ ನಮ್ಮ ಕಿವಿಗೆ ಬೀಳದೆ ಹೋದದ್ದು ಎಷ್ಟಿತ್ತೋ ಅನ್ನಿಸಿತು. ಮರ್ಯಾದೆ ಅಂದುಕೊಂಡು ನಾವು ಅವರ ಮಾತನ್ನೇ ಕೇಳಿರಲಿಲ್ಲ.

ವಾಪಸು ಹೋದ ಮೇಲೆ ರೇಡಿಯೋದಲ್ಲಿ ನನ್ನ ಕಾಟ ಶುರುವಾಯಿತು. ಸಣ್ಣ ಅನುಮಾನ ಬಂದರೂ ಸೇ ಅಗೇನ್. ಟವರಿನವನು ಒಮ್ಮೆಯೂ ರೇಗಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರು ಇದ್ದಕ್ಕಿದ್ದಂತೆ ಸೀಟ್ ಬೆಲ್ಟ್ ಬಿಚ್ಚಿ ಇಳಿದು, ಬಾಗಿಲು ಹಾಕಿ, ಹೋಗು ಅಂತ ಕೈ ಬೀಸಿದರು.

ರನ್‌ವೇ ಹತ್ತಿರ ಬರುತ್ತಿದ್ದಂತೆ ಟವರಿನವನು ಉದ್ದಕ್ಕೆ ಏನೋ ಹೇಳಿದ. ನನಗೆ ಸಿಕ್ಕಿದ್ದು ಎರಡೇ ಶಬ್ದ. ಪಕ್ಕದ ಸೀಟು ಖಾಲಿ; ನಾನು ತಪ್ಪಿದರೆ ಬ್ರೇಕ್ ತುಳಿಯುವವರಿಲ್ಲ. ವಿಮಾನ ನಿಲ್ಲಿಸಿ, "ಸೇ ಅಗೇನ್" ಅಂದೆ. ಆತ ಬಿಡಿಸಿ ಹೇಳಿದ: ಒಂದು ವಿಮಾನ ಇಳಿಯುತ್ತಿದೆ, ಅಲ್ಲೇ ಇರು. ಒಪ್ಪಿಸಿದೆ. ಅದು ಇಳಿದು ಪಕ್ಕಕ್ಕೆ ಸರಿಯಿತು. ಹೊರಡು ಅಂದ. ಅದನ್ನೂ ಒಪ್ಪಿಸಿದೆ.

ಚಕ್ರಗಳು ನೆಲ ಬಿಟ್ಟವು. ರೇಡಿಯೋ ಬಟನ್‌ನಿಂದ ಬೆರಳು ತೆಗೆದು, ಯಾರಿಗೂ ಕೇಳದಂತೆ, ಗಂಟಲು ಹರಿಯುವ ಹಾಗೆ ಕೂಗಿದೆ: "ಒಬ್ಳೇ ಹಾರ್ತಾ ಇದೀನಿ ಕಣಮ್ಮಾ!"