ಅತ್ತೆಯ ದಡಿ, ನನ್ನ ಸ್ಕ್ಯಾನರ್

ವಿದ್ಯಾಗಿರಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಕಾಲೇಜಿನಲ್ಲಿ ಇದಕ್ಕೆ ಅಂಥ ಬೆಲೆಯೇನಿಲ್ಲ. ಇಳಕಲ್ಲಿನ ಅತ್ತೆಯ ಮನೆಯಲ್ಲಿ ಮಾತ್ರ ನಾನು ದೊಡ್ಡ ಪಂಡಿತ.

ಅತ್ತೆ ಕೈಮಗ್ಗದಲ್ಲಿ ಸೀರೆ ನೇಯುವವರು. ಸೀರೆಯ ದಡಿಗೆಂದು, ಅಂದರೆ ಅಂಚಿಗೆಂದು, ಅವರ ತಾಯಿ ಚೌಕಳಿ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬರೆದಿಟ್ಟ ಒಂದು ನಮೂನೆ ಅವರ ಹತ್ತಿರ ಇತ್ತು. ಮಡಿಕೆಗಳಲ್ಲಿ ಹರಿಯತೊಡಗಿದ ಮೇಲೆ ಅದನ್ನು ಬಿಚ್ಚುವುದನ್ನೇ ಬಿಟ್ಟಿದ್ದರು. ಆ ದಡಿ ನೇಯ್ದು ಎಂಟು ವರ್ಷವಾಗಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದರೆ ಚೌಕಗಳು ಸೊಟ್ಟಗಾಗಿ ಎಣಿಕೆ ತಪ್ಪುತ್ತಿತ್ತು.

ನನ್ನ ಹಳೆಯ ಸ್ಕ್ಯಾನರನ್ನು ಕಾಲೇಜಿನ ಹೊಸ ಕಂಪ್ಯೂಟರುಗಳು ಗುರುತೇ ಹಿಡಿಯುತ್ತಿರಲಿಲ್ಲ. ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಮಾತ್ರ ಹಳೇ ಗೆಳೆಯನ ಹಾಗೆ ಅದನ್ನು ಹೆಸರು ಹಿಡಿದು ಕರೆಯುತ್ತಿತ್ತು. ಆ ಖುಷಿಯಲ್ಲಿ ಲಿನಕ್ಸನ್ನು ಅಪ್‌ಡೇಟ್ ಮಾಡಿ, ಎರಡನ್ನೂ ಹೊತ್ತುಕೊಂಡು, ಹೆಂಡತಿಯ ಜೊತೆ ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸು ಹತ್ತಿದೆ.

"ಒಂದ ಸಲ ಬಿಚ್ಚತೇನಿ, ಅಳಿಯಾಂದ್ರ. ಎರಡನೇ ಸಲಕ್ಕ ಇದು ತಾಳೂದಿಲ್ಲ," ಎಂದು ಅತ್ತೆ ಕಾಗದವನ್ನು ಗಾಜಿನ ಮೇಲೆ ಹರಡಿದರು. ನಾನು ಮುಚ್ಚಳ ಹಾಕಿ ಧೈರ್ಯವಾಗಿ ಗುಂಡಿ ಒತ್ತಿದೆ. ಸ್ಕ್ಯಾನರ್ ಕರಕರ ಎಂದು ನಿಂತಿತು. ಮತ್ತೆ ಒತ್ತಿದೆ, ಮತ್ತೆ ಕರಕರ.

ಅಪ್‌ಡೇಟಿನದೇ ಕಿತಾಪತಿ ಎಂದು ತೀರ್ಮಾನಿಸಿ, ಕಪ್ಪು ಪರದೆಯ ಮೇಲೆ ಒಂದಾದ ಮೇಲೊಂದು ಕಮಾಂಡ್ ಬರೆದೆ. ಡ್ರೈವರ್ ತೆಗೆದೆ, ಹಾಕಿದೆ. ಎರಡು ಸಲ ಚಹಾ ಬಂತು. ನಮ್ಮಂಥವರಿಗೆ ಇದೊಂದು ಚಟ: ಬರೆಯಲು ಕಮಾಂಡ್ ಇರುವ ತನಕ ಯಂತ್ರದ ಕಡೆ ಕಣ್ಣು ಹಾಯುವುದೇ ಇಲ್ಲ.

ಅತ್ತೆ ಮಾತ್ರ ಸಪ್ಪಳ ಕೇಳುತ್ತ ಕೂತಿದ್ದರು. "ಇದು ಹೋಗಾಕ ನೋಡಾಕತ್ತೈತ್ರಿ, ಏನೋ ಅಡ್ಡ ಹಿಡದೈತಿ. ಮಗ್ಗದಾಗೂ ಏನರ ಸಿಕ್ಕಿದ್ರ ಹಿಂಗ ಒದರ್ತೈತಿ."

ಕಾಗದ ಅಲುಗದಂತೆ ಸ್ಕ್ಯಾನರನ್ನು ಮೇಜಿನ ಅಂಚಿಗೆ ಸರಿಸಿ, ಬಗ್ಗಿ ಅದರ ಅಡಿ ನೋಡಿದರು. "ಇಲ್ಲೊಂದು ಕೀಲಿ ಚಿತ್ರ ಐತಲ್ರಿ."

ನನ್ನ ಮುಖ ನೋಡುವಂತಿರಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಒಳಗಿನ ದೀಪ ಅಲುಗಾಡಿ ಕೆಡಬಾರದೆಂದು ಮನೆಯಲ್ಲಿ ನಾನೇ ಹಾಕಿದ್ದ ಕೀಲಿ ಅದು. ಬಾಯಿಬಿಟ್ಟು ಹೇಳಿದೆ. ಅತ್ತೆ ಸೆರಗು ಬಾಯಿಗೆ ಹಚ್ಚಿ ನಕ್ಕರು, ಹೆಂಡತಿ ಬಾಯಿ ಮುಚ್ಚಿಕೊಳ್ಳದೆಯೇ ನಕ್ಕಳು.

ಕೀಲಿ ಸರಿಸಿದ ಮೇಲೆ ದೀಪ ಸರಾಗವಾಗಿ ಹಾದುಹೋಯಿತು. ಪರದೆಯ ಮೇಲೆ ಒಂದೊಂದೇ ಸಾಲು ಇಳಿಯಿತು. ಅತ್ತೆ ಉಗುರಿನಿಂದ ಮುಟ್ಟಿ ಮುಟ್ಟಿ ಚೌಕ ಎಣಿಸಿದರು. ಎಣಿಕೆ ಸರಿಯಿತ್ತು.

ಮುಚ್ಚಳ ತೆಗೆದರೆ ಕಾಗದ ನಾಲ್ಕು ತುಂಡಾಗಿತ್ತು. ಅತ್ತೆ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, "ಪಾಪ, ಭಾಳ ದುಡದೈತ್ರಿ, ಇನ್ನ ಕುಂದರ್ಲಿ," ಎಂದರು. ಆಮೇಲೆ ಪರದೆಯ ಕಡೆ ತಿರುಗಿ, "ನಾಳೆ ಇದನ್ನ ದೊಡ್ಡದ ಮಾಡಿ ಪ್ರಿಂಟ್ ತಂದ್ಕೊಡ್ರಿ," ಎಂದು ಹೇಳಿ, ತಮ್ಮ ಅವ್ವನ ದಡಿಗೆ ಬಣ್ಣದ ನೂಲು ಆರಿಸಲು ಎದ್ದರು.