ಸಿತ್ತನಾ ನುಂಗಿಕೊಂಡ ಕೂಗು

ಒಮ್ದುರ್ಮಾನ್ ಪಟ್ಟಣದ ಅಬ್ಬಾಸಿಯ ಓಣಿಯವರು ಈಗ ಯುದ್ಧಕ್ಕೆ ಸಿಕ್ಕಿ ದಿಕ್ಕಾಪಾಲಾಗಿದ್ದಾರೆ. ಆದರೂ ಇಬ್ಬರು ಎಲ್ಲಾದರೂ ಎದುರಾದರೆ, ಯಾರಿದ್ದಾರೆ ಯಾರಿಲ್ಲ ಎಂಬ ವಿಚಾರಣೆ ಮುಗಿದ ಮೇಲೆ ಸಿತ್ತನಾಳ ಗಂಟಲಿನ ಮಾತು ಬಂದೇ ಬರುತ್ತದೆ. ಬಂತೆಂದರೆ ಅಳುತ್ತಿದ್ದವರೂ ನಗುತ್ತಾರೆ.

ಸಿತ್ತನಾ ವಿಧವೆ. ಹಿತ್ತಲ ಚಪ್ಪರದಡಿ ಕೂತು, ಹುಳಿ ಬರಿಸಿದ ಜೋಳದ ಹಿಟ್ಟನ್ನು ಕಾದ ಹೆಂಚಿನ ಮೇಲೆ ತೆಳ್ಳಗೆ ಎಳೆದು ಕಿಸ್ರಾ ಮಾಡಿ ಮಾರುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ ಅವಳ ಕಿಸ್ರಾ ಅಷ್ಟಕ್ಕಷ್ಟೆ. ಅವಳ ಹೆಸರು ನಿಂತದ್ದು ಜಗರೂದದ ಮೇಲೆ. ಮದುವೆಮನೆಯಲ್ಲಿ ಹೆಂಗಸರು ನಾಲಿಗೆ ಕುಣಿಸಿ ಹಾಕುವ ಖುಷಿಯ ಕೂಗು ಅದು, ಎಲ್ಲರಿಗೂ ಬರುತ್ತದೆ. ಆದರೆ ಸಿತ್ತನಾಳದ್ದು ಮೇಲಕ್ಕೇರಿ, ನಡುವೆ ಬಿರುಕು ಬಿಟ್ಟ ಮಡಕೆಯಂತೆ ಒಡೆದು, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಎದ್ದು ಪಕ್ಕದ ಓಣಿಗಳನ್ನೂ ದಾಟಿ ಹೋಗುತ್ತಿತ್ತು. ಆ ಒಡಕನ್ನು ಕಲಿಯಲು ಹೋದ ಹುಡುಗಿಯರೆಲ್ಲ ಕೆಮ್ಮಿ ಕೆಮ್ಮಿ ಸುಸ್ತಾದರು. ಅವಳು ಬಂದು ಕೂಗದ ಹೊರತು ನಮ್ಮಲ್ಲಿ ಮದುವೆ ಮದುವೆ ಅನ್ನಿಸುತ್ತಲೇ ಇರಲಿಲ್ಲ.

ಬ್ರೆಡ್ಡಿನ ಬೆಲೆ ಏರಿ ಜನ ಬೀದಿಗಿಳಿದ ಚಳಿಗಾಲ ಅದು. ಮೂವತ್ತು ವರ್ಷ ಕುರ್ಚಿಗೆ ಅಂಟಿಕೊಂಡ ಸರ್ಕಾರಕ್ಕೆ ಜನ ಹೇಳಿದ್ದು ಒಂದೇ ಮಾತು: “ಬಿದ್ದೋಗ್ಲಿ, ಅಷ್ಟೇ!” ಗುಂಪು ಸೇರಿದರೆ ಗುಂಡು. ಹಾಗಾಗಿ ಹುಡುಗ ಹುಡುಗಿಯರು ಮನೆಮನೆಗಳಲ್ಲಿ ಅಡಗಿರುವುದು, ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಹೆಂಗಸೊಬ್ಬಳು ಜಗರೂದ ಹಾಕಿದ ಕೂಡಲೇ ಎಲ್ಲ ಬಾಗಿಲುಗಳಿಂದ ಒಟ್ಟಿಗೆ ಹೊರಬಿದ್ದು ಮೆರವಣಿಗೆ ಹೊರಡುವುದು. ಮದುವೆಯ ಕೂಗಿನಿಂದ ಸರ್ಕಾರ ಉರುಳಿಸಲು ಹೊರಟ ಜನ ಬೇರೆಲ್ಲಿದ್ದಾರೆ?

ಒಂದು ಗುರುವಾರ ಎಡವಟ್ಟಾಯಿತು. ಓಣಿಯ ಕೊನೆಯ ಮನೆಗೆ ಮದುವೆಯ ಹೊಸ ಮಂಚ ಬಂತು. ಅದನ್ನು ಕಂಡ ಮದುಮಗಳ ಸೋದರತ್ತೆ ಖುಷಿ ತಡೆಯಲಾರದೆ ಹೊತ್ತಿಗೆ ಮುಂಚೆಯೇ ಕೂಗಿಬಿಟ್ಟಳು. ಹುಡುಗರು ದಬದಬ ಹೊರಗೆ ಬಂದು “ಬಿದ್ದೋಗ್ಲಿ! ಬಿದ್ದೋಗ್ಲಿ!” ಎಂದರು. ಮಂಚ ಹೊತ್ತವರು ತಮಗೇ ಹೇಳಿದರೆಂದು ಅದನ್ನು ದೊಪ್ಪನೆ ಬಿಟ್ಟರು. ನಾವು ಇದಕ್ಕೆ ನಕ್ಕಿದ್ದು ಎಷ್ಟೋ ದಿನದ ಮೇಲೆ. ಆವತ್ತು ಓಣಿಯ ಬಾಯಲ್ಲೇ ಪೊಲೀಸರ ಪಿಕಪ್ ಗಾಡಿ ನಿಂತಿತ್ತು, ದರ್ಜಿಯ ಮಗನ ಕಾಲಿಗೆ ಗುಂಡು ಬಿತ್ತು.

ಸಂಜೆ ದುಹಾ ಬಂದಳು. ಕಾಲೇಜು ಹುಡುಗಿ, ಓಣಿಯ ಮೆರವಣಿಗೆಯ ಉಸ್ತುವಾರಿ ಅವಳದೇ.

“ಸಿತ್ತನಾ ಖಾಲಾ, ಇನ್ಮೇಲೆ ಯಾರ್ಯಾರೋ ಕೂಗಿದ್ರೆ ನಾವು ಹೊರಗೆ ಬರಲ್ಲ. ನಿಮ್ಮ ಗಂಟಲು ಮಾತ್ರ ಯಾರಿಗೂ ತಪ್ಪಲ್ಲ. ನೀವು ಮಾಳಿಗೆ ಹತ್ತಿ, ದಾರಿ ಖಾಲಿ ಇದ್ರೆ ಕೂಗ್ಬೇಕು.”

“ಮದುವೆಗೆ ಕರೆದ್ರೆ?”

“ಮದುವೆಗೆ ಕೂಗೋ ಹಾಗಿಲ್ಲ ಖಾಲಾ. ಯಾರ ಮದುವೆಗೂ. ನೀವು ಕೂಗಿದ್ರೆ ನಾವು ಬಂದ್ಬಿಡ್ತೀವಿ.”

“ನನ್ನ ಕಿಸ್ರಾ ಯಾರೂ ಮೆಚ್ಚಲ್ಲ. ಇದ್ದದ್ದೊಂದು ಗಂಟಲು, ಅದನ್ನೂ ಕಿತ್ಕೊಳ್ತೀಯಲ್ಲೇ ಪೋರಿ!” ಎಂದು ನಕ್ಕಳು ಸಿತ್ತನಾ. “ಆಗ್ಲಿ, ತಗೋ.”

ಮಾತು ಕೊಟ್ಟಾಗ ಮಗಳು ರುಫೈದಾಳ ಮದುವೆ ಇನ್ನೂ ನಿಶ್ಚಯವಾಗಿರಲಿಲ್ಲ.

ಅಂದಿನಿಂದ ನಮ್ಮ ಹುಡುಗರು ಅವಳ ಕೂಗಿಗಷ್ಟೇ ಹೊರಬಂದರು, ಒಮ್ಮೆಯೂ ಮೋಸಹೋಗಲಿಲ್ಲ. ಒಬ್ಬ ಪೊಲೀಸ್ ಅಧಿಕಾರಿ ಮಾತ್ರ ಕೂಗಿನ ಜಾಡು ಹಿಡಿದು ಅವಳ ಹಿತ್ತಲಿಗೇ ಬಂದ.

“ಯಾಕಮ್ಮಾ ಕೂಗಿದ್ದು?”

“ಪಕ್ಕದ್ಮನೆ ಮಗೂಗೆ ಹಲ್ಲು ಬಂತಪ್ಪಾ.”

“ಹೋದ ಗುರುವಾರಾನೂ ಹಲ್ಲೇ ಬಂದಿತ್ತಲ್ಲ! ನಮ್ಮ ಕಿವಿಗೆ ಹೂವು ಇಡ್ತೀಯಾ?”

“ಅದು ಕೆಳಗಿಂದು. ಇದು ಮೇಲಿಂದು. ನಿನಗೂ ಒಂದೊಂದೇ ಬಂದಿದ್ದು ಕಣಪ್ಪಾ, ಬೇಕಾದ್ರೆ ನಿಮ್ಮಮ್ಮನ್ನ ಕೇಳು.”

ಅವನು ಹೆಂಚನ್ನು ಒದ್ದು ಹೋದ. ಸಿತ್ತನಾ ಹೆಂಚು ಎತ್ತಿಟ್ಟು ಹಿಟ್ಟು ಎಳೆಯತೊಡಗಿದಳು. ಎಂಥ ಗಟ್ಟಿ ಹೆಂಗಸು! ಆಮೇಲೆ ಎಳೆದ ಮೂರು ಕಿಸ್ರಾ ಹರಿದುಹೋದದ್ದನ್ನು ಕಂಡವಳು ರುಫೈದಾ ಒಬ್ಬಳೇ.

ಮಾರ್ಚ್‌ನಲ್ಲಿ ರುಫೈದಾಳ ಮದುವೆ ಬಂತು. ಗಂಡು ಹೈಸಮ್, ಹತ್ತಿರದ ಮೌರದ ಕೇರಿಯವನು. ಅವನ ತಾಯಿ, ಮೀನು ಮಾರುವ ಬತೂಲ್, ಒಳ್ಳೆಯವಳೇ, ಆದರೆ ನಾಲಿಗೆ ಮೀನು ಹೆಚ್ಚುವ ಕತ್ತಿ. ಗುಟ್ಟನ್ನು ಅವಳಿಗೆ ಹೇಳುವಂತಿರಲಿಲ್ಲ, ಹೇಳಿದರೆ ಮೀನಿನ ಜೊತೆ ಅದೂ ಊರೆಲ್ಲ ಮಾರಾಟವಾಗುತ್ತಿತ್ತು.

ಮದುವೆಯ ಸಂಜೆ ಓಣಿಯ ಎರಡೂ ತುದಿಯಲ್ಲಿ ಪಿಕಪ್ ಗಾಡಿಗಳು ನಿಂತಿದ್ದವು. ವಧೂವರರ ಕೈಗೆ ಕೆಂಪು ರೇಷ್ಮೆ ದಾರ ಕಟ್ಟಿದ್ದಾಯಿತು. ಹಾಲಿನ ಬಟ್ಟಲು ಬಂತು. ಇಬ್ಬರೂ ಗುಟುಕು ಹಾಲು ಬಾಯಿಗೆ ತುಂಬಿಕೊಂಡು ಒಬ್ಬರ ಮೇಲೊಬ್ಬರು ಚಿಮ್ಮಿಸಿದರು. ಹೆಂಗಸರೆಲ್ಲ ಜಗರೂದ ಹಾಕಿದರು. ಆಮೇಲೆ ಎಲ್ಲರೂ ನಿಲ್ಲಿಸಿ ಹೆಣ್ಣಿನ ತಾಯಿಯ ಕಡೆ ನೋಡಿದರು. ಆ ಗಳಿಗೆಯ ಕೂಗು ತಾಯಿಯದು.

ರುಫೈದಾಳಿಗೆ ಎಲ್ಲ ಗೊತ್ತಿತ್ತು. “ನನ್ನ ಬಗ್ಗೆ ಯೋಚ್ನೆ ಮಾಡ್ಬೇಡ ಯುಮ್ಮಾ” ಎಂದು ಬೆಳಿಗ್ಗೆ ಅವಳೇ ಹೇಳಿದ್ದಳು. ಆದರೂ ಗಲ್ಲದ ಮೇಲೆ ಹಾಲು ಇಳಿಯುತ್ತಿರುವಾಗ ಅವಳ ಕಣ್ಣು ತಾನಾಗಿ ತಾಯಿಯನ್ನು ಹುಡುಕಿತು. ಸಿತ್ತನಾಳಿಗೆ ಅದು ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೂಗಿದರೆ ಹುಡುಗರು ಓಡಿ ಬರುತ್ತಾರೆ, ಬಂದವರು ಬಂದೂಕಿನ ಮುಂದೆ ನಿಲ್ಲುತ್ತಾರೆ. ಅವಳು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು.

“ಊರವರ ಮದುವೆಗೆಲ್ಲ ಬಾಯಿ ಬರತ್ತಂತೆ,” ಎಂದಳು ಬತೂಲ್, ಎಲ್ಲರಿಗೂ ಕೇಳುವಂತೆ. “ನನ್ನ ಮಗನ ಮದುವೆಗೆ ಮಾತ್ರ ಗಂಟಲು ಕಟ್ಟಿತಾ? ನಾವೇನು ಅಷ್ಟು ಕೀಳಾದ್ವಾ?”

ಸಿತ್ತನಾ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ಮಗಳನ್ನು ಕಳಿಸಿ ಬಂದು, ಹಿತ್ತಲಲ್ಲಿ ಆರಿದ ಹೆಂಚಿನ ಮುಂದೆ ಕೂತು ಅತ್ತಳು. ಮುಂದಿನ ಗುರುವಾರ ಒಂದು ಗಂಟೆಗೆ ಮತ್ತೆ ಮಾಳಿಗೆಯ ಮೇಲಿದ್ದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಸೈನ್ಯದ ವಾದ್ಯ ಶುರುವಾಯಿತು. ಮಹತ್ವದ ಪ್ರಕಟಣೆ ಬರಲಿದೆ, ಕಾಯಿರಿ, ಎಂದರು. ಕಾಯುವವರು ಯಾರು? ಮಧ್ಯಾಹ್ನ ಅದು ಹೊರಬೀಳುವ ಹೊತ್ತಿಗೆ ಊರಿಗೆ ಊರೇ ಬೀದಿಯಲ್ಲಿತ್ತು. ಸರ್ಕಾರ ಬಿದ್ದಿತ್ತು, ಅಷ್ಟೇ. ಮುಂದೆ ಬರಲಿದ್ದ ರಕ್ತ ಯಾರ ಕನಸಿನಲ್ಲೂ ಇರಲಿಲ್ಲ. ಜನವೆಲ್ಲ ರಾಜಧಾನಿಗೆ ಹೋಗುವ ಸೇತುವೆಯ ಕಡೆ ಹರಿಯುತ್ತಿದ್ದರೆ ಸಿತ್ತನಾ ಮೌರದದ ಕಡೆ ತಿರುಗಿದಳು. ಬೀಗರ ಬಾಗಿಲ ಮುಂದೆ ನಿಂತಳು. ಸೆರಗು ಸರಿಮಾಡಿಕೊಂಡಳು.

ಕೂಗು ಏರಿತು, ಒಡೆಯಿತು, ಮತ್ತೆ ಎದ್ದಿತು.

ದೊಡ್ಡ ಬೀದಿಯಲ್ಲಿ ಹೋಗುತ್ತಿದ್ದ ನಮ್ಮ ಓಣಿಯ ಹುಡುಗರು ಇದ್ದಲ್ಲೇ ನಿಂತರು. ಅಭ್ಯಾಸಬಲ ಎಂದರೆ ಅದು! ತಿರುಗಿ ಓಡಿಬಂದರು, ಅವರ ಹಿಂದೆ ಏನೆಂದು ತಿಳಿಯದವರೂ ಓಡಿಬಂದರು, ಬತೂಲಳ ಗಲ್ಲಿ ತುಂಬಿಹೋಯಿತು. ಮೀನು ಕರಿಯುತ್ತಿದ್ದ ಬತೂಲ್ ಜಾಲರಿ ಸೌಟು ಹಿಡಿದೇ ಹೊರಗೆ ಬಂದಳು. ಬೀಗತಿಯ ಬಾಯನ್ನು ನೋಡಿದಳು, ಏದುಸಿರು ಬಿಡುತ್ತ ನಿಂತ ಹುಡುಗರನ್ನು ನೋಡಿದಳು. ಸೌಟನ್ನು ಹೊಸ್ತಿಲ ಮೇಲೇ ಇಟ್ಟಳು. ಒಳಗೆ ಹೋಗಿ ಬಟ್ಟಲಲ್ಲಿ ಹಾಲು ತಂದಳು. ರುಫೈದಾ ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದಳು.

ಮುಂದೆ ಓಡಿ ಬಂದಿದ್ದ ದುಹಾ ಕೇಳಿದಳು, “ಖಾಲಾ, ಯಾವ ಕಡೆ ಹೋಗ್ಬೇಕು?”

“ಎಲ್ಲೂ ಹೋಗ್ಬೇಡ್ರೇ,” ಎಂದಳು ಸಿತ್ತನಾ. “ಇಲ್ಲೇ ನಿಲ್ಲಿ. ನನ್ನ ಮಗಳ ಮದುವೆ.”