ಕಣ್ಣು ತೆರೆಯದ ಆಮೆಗಳು

ಲಗ್ಗೆರೆಯ ಓಣಿಗೆ ಹಾಲಿನ ವ್ಯಾನು ಬರುವ ಮೊದಲೇ ಜಗನ್ನಾಥಾಚಾರ್ ಅವರ ಉಳಿಯ ಸದ್ದು ಶುರುವಾಗಿದೆ. ಶೀಟಿನ ಚಾವಣಿಯ ಕೆಳಗೆ, ಬಳಪದ ಕಲ್ಲಿನ ಪುಡಿ ಮೆತ್ತಿಕೊಂಡ ಮಣೆಯ ಮೇಲೆ ಕೂತು ಅವರು ಆಮೆಯೊಂದರ ಕಣ್ಣು ಬಿಡಿಸುತ್ತಿದ್ದಾರೆ. ಎದುರಿಗೆ ಹೆಂಡತಿ ಅನಂತಲಕ್ಷ್ಮಿ ನೀರು ತುಂಬಿದ ಬೋಗುಣಿ ಹಿಡಿದು ನಿಂತಿದ್ದಾರೆ.

ಈ ಕಲ್ಲು ಮೆದು. ಉಗುರಿಗೂ ಗೀರು ಬೀಳುತ್ತದೆ. ಇದರಲ್ಲಿ ಗುಡಿಗಳಿಗೆ ಗಣಪತಿ, ಬಸವಣ್ಣ ಕಡೆದುಕೊಂಡೇ ಆಚಾರ್ ಸಂಸಾರ ಸಾಗಿಸಿದವರು. ಪೀಣ್ಯದಲ್ಲಿ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮೆಷಿನ್ ಬಂದ ಮೇಲೆ ಅವರನ್ನು ಕೇಳುವವರೇ ಇಲ್ಲ. ಮೆಷಿನ್ನಿಗೆ ಕೆಮ್ಮು ಬರುವುದಿಲ್ಲ, ಪದ್ಧತಿಯ ಗೊಡವೆಯೂ ಇಲ್ಲ. ಉಳಿದಿದ್ದು ಬಸವೇಶ್ವರನಗರದ ವ್ಯಾಪಾರಿ ಮುರಳೀಕೃಷ್ಣ ಕೊಟ್ಟ ಒಂದೇ ಕೆಲಸ, ಕೆನಡಾದ ಅಂಗಡಿಯೊಂದಕ್ಕೆ ಆಮೆಗಳು.

ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನ ಇದೇ ಜಾತಿಯ ಕಲ್ಲಿನಲ್ಲಿ ಆಮೆ, ಕರಡಿ, ತೋಳ ಕೆತ್ತುತ್ತಾರೆ. ಒಂದೊಂದು ಪ್ರಾಣಿಯೂ ಒಂದೊಂದು ಕುಲದ ಗುರುತು. ಎಲ್ಲೆಲ್ಲೂ ನೀರೇ ಇದ್ದ ಕಾಲದಲ್ಲಿ ಆಕಾಶದಿಂದ ಬಿದ್ದ ಹೆಂಗಸಿಗೆ ಆಮೆ ಬೆನ್ನು ಕೊಟ್ಟಿತಂತೆ. ಆ ಬೆನ್ನಿನ ಮೇಲೆ ಹಾಕಿದ ಕೆಸರೇ ಬೆಳೆದು ಭೂಮಿಯಾಯಿತಂತೆ. ಮುರಳೀಕೃಷ್ಣರ ಬಾಯಿಂದ ಈ ಕತೆ ಕೇಳಿದ ಆಚಾರ್‌ಗೆ ನಮ್ಮ ಕೂರ್ಮನೇ ನೆನಪಾದ. ಅಲ್ಲಿಂದಾಚೆ ಆಮೆ ಅವರಿಗೆ ಬರೀ ಗೊಂಬೆಯಾಗಿ ಉಳಿಯಲಿಲ್ಲ.

ಎಡವಟ್ಟಾಗಿದ್ದೂ ಅಲ್ಲೇ. ವಿಗ್ರಹ ನೆಲೆಗೊಳ್ಳುವ ಜಾಗದಲ್ಲೇ ಅದರ ಕಣ್ಣು ತೆರೆಯಬೇಕು ಎನ್ನುವುದು ಶಿಲ್ಪಿಗಳ ಪದ್ಧತಿ. ಆಚಾರ್ ಅಷ್ಟೂ ಆಮೆಗಳನ್ನು ಕಣ್ಣು ತೆರೆಯದೆ ಕಳಿಸಿಬಿಟ್ಟರು. ಕುರುಡು ಆಮೆ ಯಾರಿಗೆ ಬೇಕು ಎಂದು ಅಂಗಡಿಯವರು ಪೆಟ್ಟಿಗೆಯನ್ನೇ ವಾಪಸು ಕಳಿಸಿದರು. ಇವತ್ತು ಮಧ್ಯಾಹ್ನದೊಳಗೆ ಸರಿಮಾಡಿ ಕೊಡದಿದ್ದರೆ ಕೆಲಸ ಮೆಷಿನ್ ಪಾಲು ಎಂದಿದ್ದಾರೆ ಮುರಳೀಕೃಷ್ಣ.

"ಕಣ್ ಬಿಟ್ಟ ತಕ್ಷಣ ಏನ್ ನೋಡುತ್ತೋ ಅದೇ ಅದರ ಮನೆ ಸಾರ್," ಎನ್ನುತ್ತಾರೆ ಆಚಾರ್, ಕೆಲಸ ನೋಡಲು ಬಂದ ನಮಗೆ. "ಈ ಶೀಟು, ಈ ಧೂಳು ನೋಡಿದ್ರೆ ಏನ್ ಅಂದ್ಕೊಳುತ್ತೆ? ಅದಕ್ಕೇ ನೀರ್ ತೋರಿಸ್ತಾ ಇದೀವಿ."

ಅದು ಟ್ಯಾಂಕರ್ ನೀರು ಎಂದು ಅನಂತಲಕ್ಷ್ಮಿ ತಣ್ಣಗೆ ನೆನಪಿಸುತ್ತಾರೆ. ಆಚಾರ್ ನಗುವುದಿಲ್ಲ. ಕಲ್ಲಿನ ಧೂಳು ಕುಡಿದ ಎದೆಯಿಂದ ಕೆಮ್ಮು ಏಳುತ್ತದೆ. ಅಡಗುವವರೆಗೂ ಉಳಿ ಕೆಳಗಿಟ್ಟು ಕಾಯುತ್ತಾರೆ. ಕಣ್ಣಿನ ಜಾಗದಲ್ಲಿ ಕೈ ನಡುಗಿದರೆ ಆಮೆಯೇ ಹೋಯಿತು.

ಬಿಸಿಲು ಶೀಟಿಗೆ ತಾಗುವ ಹೊತ್ತಿಗೆ ಒಂದು ಬಿಟ್ಟು ಉಳಿದೆಲ್ಲವೂ ಮುಗಿದಿವೆ. ಆ ಕೊನೆಯದನ್ನು ಆಚಾರ್ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸವರುತ್ತಾರೆ. ಆಮೇಲೆ ಕಣ್ಣು ತೆರೆಯದೆ, ಹಾಗೇ ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಡುತ್ತಾರೆ. ಮತ್ತೆ ವಾಪಸು ಬಂದರೆ ಇರುವ ಒಂದು ಕೆಲಸವೂ ಹೋಗುತ್ತದಲ್ಲ ಎಂದು ಹೆಂಡತಿ ಕೇಳುತ್ತಾರೆ.

"ಹೋಗ್ಲಿ ಬಿಡೇ," ಎನ್ನುತ್ತಾರೆ ಆಚಾರ್, ಪೆಟ್ಟಿಗೆಗೆ ಮೊಳೆ ಹೊಡೆಯುತ್ತಾ. "ಒಂದಾದ್ರೂ ಅದರ ಊರಲ್ಲಿ, ಆ ಜನರ ಕೈಲಿ ಕಣ್ ಬಿಡ್ಲಿ."